ತಂಗಡಿಗೆ ತಲುಪದ ಸುದ್ದಿ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ನದಿಗಳು ಆಗಿನ್ನೂ ತಮ್ಮ ಪಾತ್ರ ಹುಡುಕುತ್ತಿದ್ದವು. ದಾರಿ ಎಂಬುದು ಹುಟ್ಟಿರಲಿಲ್ಲ. ಹೋದವರು ಹೋದ ಕಡೆ, ಅಷ್ಟೆ.

ಬಯಲಿನಲ್ಲಿ ತಂಗಡಿ ಗಿಡಗಳಿದ್ದವು. ಒಂದು ಇಲ್ಲಿ, ಇನ್ನೊಂದು ಕೂಗಿದರೂ ಕೇಳಿಸದಷ್ಟು ದೂರದಲ್ಲಿ. ಅವುಗಳ ಹೂವಿಗೆ ನೀರಿನ ಬಣ್ಣ. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕುರಿ ಬರುತ್ತಿತ್ತು, ಮೂಸುತ್ತಿತ್ತು, “ಥೂ, ಒಗರು” ಎಂದು ಹೋಗುತ್ತಿತ್ತು. ಮೇಕೆ ಬರುತ್ತಿತ್ತು, ಮೂಸುತ್ತಿತ್ತು, ಏನೂ ಅನ್ನದೆ ಹೋಗುತ್ತಿತ್ತು.

ಏನೂ ಅನ್ನದೆ ಹೋಗುವುದೇ ತಂಗಡಿಗೆ ಹೆಚ್ಚು ನೋಯುತ್ತಿತ್ತು.

ಒಂದು ದಿನ ಮಾಳವ್ವ ಎಂಬ ಕುರಿಗಾಹಿ ಹಿಂಡು ಹೊಡೆದುಕೊಂಡು ಆ ಬಯಲಿಗೆ ಬಂದಳು. ಅವಳ ಗಂಡ ಜಕ್ಕಪ್ಪ ಹಿಂದೆಯೇ ಉಳಿದಿದ್ದ. ತುಂಬಿದ ಬಸುರಿ ಕುರಿಯೊಂದು ಹೆಜ್ಜೆ ಎತ್ತಲಾರದೆ ಕುಸಿದಿತ್ತು.

“ಇಲ್ಲಿ ಹುಲ್ಲು ಮುಗದೈತಿ, ನೀ ಮುಂದ ನಡಿ” ಎಂದಿದ್ದ ಅವನು. “ಇದು ಈದ ಕೂಡ್ಲೇ ಬರ್ತೀನಿ. ಭಂಡಾರ ಹಚ್ಕೋತ ಹೋಗು, ನಾ ಅದನ್ನ ನೋಡ್ಕೋತ ಬರ್ತೀನಿ.”

ಭಂಡಾರವೆಂದರೆ ದೇವರ ಅರಿಸಿನ. ಕುರುಬರು ಅದನ್ನು ಚೀಲದಲ್ಲಿ ಹಾಕಿ ಸೊಂಟಕ್ಕೆ ಕಟ್ಟಿಕೊಂಡೇ ಹೊರಡುತ್ತಾರೆ. ಮಾಳವ್ವ ಸಿಕ್ಕಸಿಕ್ಕ ಗಿಡದ ಚಿಗುರಿಗೆ ಚಿಟಿಕೆ ಚಿಟಿಕೆ ಹಚ್ಚುತ್ತ ನಡೆದಿದ್ದಳು. ಮುಂದೆ ಅವಳು, ಹಿಂದೆ ಹಿಂಡು.

ಹೊರಟ ಮೂರನೆಯ ದಿನ ಮಧ್ಯಾಹ್ನ ತಿರುಗಿ ನೋಡಿದಳು. ಬಯಲಿನಲ್ಲಿ ಎಲ್ಲೂ ಹಳದಿಯಿಲ್ಲ. ಕುರಿಗಳ ಬಾಯಿ ಮಾತ್ರ ಹಳದಿ.

“ಅಯ್ಯ ಹೊಟ್ಟೀಬಾಕಗಳಿರಾ! ದಾರೀನ ತಿಂದ್ರಲ್ಲ!”

“ನೀನ ಹಚ್ಚಿಟ್ಟಿ ಯವ್ವಾ. ನಮಗ ಅಂತ ತಿಳಕೊಂಡ್ವಿ” ಎಂದಿತು ಮುಂದಾಳು ಟಗರು, ಮೂತಿ ನೆಕ್ಕಿಕೊಳ್ಳುತ್ತ.

ಮಾಳವ್ವ ನೆಲಕ್ಕೆ ಕುಳಿತಳು. ಚೀಲದಲ್ಲಿ ಉಳಿದದ್ದು ಒಂದೇ ಹಿಡಿ. ಜಕ್ಕಪ್ಪ ಇನ್ನು ಯಾವ ಗುರುತು ಹಿಡಿದು ಬಂದಾನು? ಈ ಬಯಲಿನಲ್ಲಿ ದಿಕ್ಕು ತಪ್ಪಿದವರು ಮತ್ತೆ ಸಿಗುತ್ತಿರಲಿಲ್ಲ.

ಪಕ್ಕದಿಂದ ಮೆಲ್ಲಗೆ ಒಂದು ದನಿ ಕೇಳಿತು. “ನನಗ ಹಚ್ಚವ್ವ. ನನ್ನ ಯಾರೂ ತಿನ್ನಂಗಿಲ್ಲ.”

ತಂಗಡಿ ತನ್ನ ಬಗ್ಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

“ನೀ ಒಂದ ಗಿಡ. ಹಿಂದ ಮೂರು ದಿನದ ಹಾದಿ ಐತಿ.”

“ಹಿಂದೂ ನನ್ನಂಥವು ಅದಾವು. ನೀ ನೋಡಿಲ್ಲ, ಅಷ್ಟ.”

ಗಾಳಿ ಕೇಳಿಸಿಕೊಳ್ಳುತ್ತಿತ್ತು. “ಚೀಲ ಬಿಚ್ಚು” ಎಂದಿತು. “ಕುರಿ ವಾಸನಿ ಹಿಡದು ಹಿಂದಕ್ಕ ಹೋಗ್ತೀನಿ.”

ಮಾಳವ್ವ ಹಿಡಿ ಭಂಡಾರವನ್ನು ಮೇಲಕ್ಕೆ ತೂರಿದಳು. ಗಾಳಿ ಹೊತ್ತೊಯ್ದಿತು. ಹಿಂಡು ನಡೆದ ಉದ್ದಕ್ಕೂ, ಮುಂದೆ ಹೊಳೆಯವರೆಗೂ, ತಂಗಡಿ ಹೂಗಳು ಒಂದೊಂದಾಗಿ ಹಳದಿಯಾದವು.

“ನಮ್ಮವರು ನನ್ನ ಕೂಡೋತನಕ ಬಣ್ಣ ಬಿಡಬ್ಯಾಡ” ಎಂದಳು ಮಾಳವ್ವ. “ಕೂಡಿದ ಮ್ಯಾಲ ಹೇಳಿ ಕಳಸ್ತೀನಿ.”

“ಆತು” ಎಂದಿತು ತಂಗಡಿ. ಮಾಳವ್ವ ಹಿಂಡು ಎಬ್ಬಿಸಿಕೊಂಡು ಹೊಳೆಯ ಕಡೆ ನಡೆದಳು.

ಐದನೆಯ ದಿನ ಜಕ್ಕಪ್ಪ ಬಂದ, ಹೆಗಲ ಮೇಲೆ ಮರಿ, ಹಿಂದೆ ಕುಂಟುವ ತಾಯಿ. ಅವನ ಕಣ್ಣು ಮುಂದಿನ ಹಳದಿಯ ಮೇಲಿತ್ತು. ನಿಲ್ಲಲಿಲ್ಲ. ಅವನ ಬೆನ್ನು ಸಣ್ಣದಾಗುತ್ತ ಹೋಗುವುದನ್ನು ತಂಗಡಿ ನೋಡಿತು.

ಹೊಳೆಯ ದಂಡೆಯಲ್ಲಿ ಅವನು ಮಾಳವ್ವನನ್ನು ಕೂಡಿದ. ಅವಳು ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಮರಿಯನ್ನು ಮಡಿಲಿಗೆ ಹಾಕಿಕೊಂಡಳು. ಆ ಸಂತೋಷದಲ್ಲಿ ಹೇಳಿ ಕಳಿಸುವುದು ಮರೆತೇಹೋಯಿತು.

“ಏನಾರ ಸುದ್ದಿ?” ಎಂದು ತಂಗಡಿ ಗಾಳಿಯನ್ನು ಕೇಳಿತು.

“ನನ್ನ ಕೂಡ ಯಾರೂ ಹೇಳಿಲ್ಲ” ಎಂದಿತು ಗಾಳಿ.

ನೀವು ನೋಡಿರಬಹುದು. ಹುಲ್ಲೆಲ್ಲ ಒಣಗಿದ ಮೇಲೂ ದಾರಿಯ ಪಕ್ಕ ಒಂಟಿ ತಂಗಡಿ ಮೈತುಂಬ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಹಾದುಹೋಗುವ ಕುರಿಗಳು ಅದಕ್ಕೆ ಬಾಯಿ ಹಾಕುವುದಿಲ್ಲ. ಜಕ್ಕಪ್ಪ ಹೆಂಡತಿಯನ್ನು ಕೂಡಿದನೆಂದು ಅದಕ್ಕೆ ಇವತ್ತಿಗೂ ಯಾರೂ ಹೇಳಿಲ್ಲ.