ಒದ್ದೆ ಬಲೆ

“ಗುರುಗಳೇ, ರುದ್ರಯ್ಯನಿಗೆ ನಾನು ಯಾವ ಕೇಡನ್ನೂ ಮಾಡಿಲ್ಲ. ಸುಮ್ಮನೆ ನೋಡುತ್ತೇನೆ, ಅಷ್ಟೆ. ಮನಸ್ಸಿನೊಳಗೇ ಇರುವ ಹೊಟ್ಟೆಕಿಚ್ಚಿನಿಂದ ಯಾರಿಗೇನು ನಷ್ಟ?”

ಕೇಳಿದವನು ಮಠದ ಹಿರಿಯ ಶಿಷ್ಯ ಗುರುಸಿದ್ಧ. ಅವನಿಗಿಂತ ಆರು ವರ್ಷ ತಡವಾಗಿ ಬಂದ ರುದ್ರಯ್ಯನಿಗೆ ದೊಡ್ಡವರಿಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಇವನ ಪಾಲಿಗೆ ಚಿಕ್ಕ ಮಕ್ಕಳ ಪಾಠವೇ ಉಳಿದಿತ್ತು. ದಿನಾ ಬೆಳಿಗ್ಗೆ ಗುರುಸಿದ್ಧ ರುದ್ರಯ್ಯನ ಪಾಠದಲ್ಲಿ ಹಿಂದಿನ ಸಾಲಿನಲ್ಲಿ ಕೂತು ತಪ್ಪು ಹುಡುಕುತ್ತಿದ್ದ. ಅದು ಮುಗಿದ ಮೇಲೆ ಎದ್ದು ಮಕ್ಕಳಿಗೆ ಪಾಠ ಹೇಳಲು ಹೋಗುತ್ತಿದ್ದ.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಅಕ್ಕಿ ಗಿರಣಿಯ ಮೂಟೆ ಹೊತ್ತು ಬೇಸತ್ತ ಒಬ್ಬನಿದ್ದ. ಮೀನು ಸಾಕುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೂಡಿಟ್ಟದ್ದನ್ನೆಲ್ಲ ಹಾಕಿ ಒಂದು ಹಳೆಯ ಸೈಕಲ್ಲು, ಎರಡು ಬಕೆಟ್ಟು, ಒಂದು ಪೈಪು ಕೊಂಡ. ಮನೆಮನೆಗೆ ಹೋಗಿ ಅಕ್ವೇರಿಯಂ ತೊಳೆಯುವ ಕೆಲಸ ಶುರುಮಾಡಿದ. ಒಂದು ಮನೆಯ ಮೀನಿನ ರೋಗ ಇನ್ನೊಂದು ಮನೆಗೆ ಹತ್ತದಿರಲು ಮೀನು ಹಿಡಿಯುವ ಪುಟ್ಟ ಬಲೆ ಮನೆಗೊಂದು ಇರಬೇಕು. ಇವನ ಕೈಯಲ್ಲಿದ್ದ ಕಾಸು ಒಂದೇ ಬಲೆಗೆ ಸಾಕಾಯಿತು. ಹಾಗಾಗಿ ಪ್ರತಿ ಮನೆಯ ಕೆಲಸ ಮುಗಿದ ಕೂಡಲೇ ಬಲೆಯನ್ನು ಉಪ್ಪುನೀರಿನಲ್ಲಿ ಅದ್ದಿ, ಬಿಸಿಲಿಗೆ ಹಿಡಿದು ಮುಂದಿನ ಮನೆಗೆ ಹೋಗುತ್ತಿದ್ದ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಒಂಬತ್ತು ಮನೆಗಳು ಇವನನ್ನೇ ನಂಬಿದ್ದವು. ಅವು ಕೈಬಿಟ್ಟರೆ ಮತ್ತೆ ಮೂಟೆಯೇ ಗತಿ.

ಆಮೇಲೆ ಅದೇ ಕೆಲಸಕ್ಕೆ ಸ್ಕೂಟರಿನವನೊಬ್ಬ ಬಂದ. ಬಂದ ತಿಂಗಳಲ್ಲೇ ಪೇಟೆಯ ದೊಡ್ಡ ಹೋಟೆಲಿನ ಮೀನಿನ ತೊಟ್ಟಿ ಅವನಿಗೆ ಸಿಕ್ಕಿತು. ಸೈಕಲ್ಲಿನವನು ಎರಡು ವರ್ಷ ಬಾಯಿಬಿಟ್ಟು ಕೇಳಿದ್ದ ತೊಟ್ಟಿ ಅದು. ಇವನ ಹೊಟ್ಟೆ ಉರಿಯಿತು. ಊಟ ಮಾಡಿದರೆ ರುಚಿಯಿಲ್ಲ, ಮಲಗಿದರೆ ನಿದ್ದೆಯಿಲ್ಲ. ಬೆಳಗಾದರೆ ಆ ಹೋಟೆಲಿಗೆ ಹೋಗಿ ಒಂದು ಚಹಾ ಹಿಡಿದು ತೊಟ್ಟಿಯ ಎದುರೇ ಕೂರುತ್ತಿದ್ದ. ಗಾಜಿಗೆ ಪಾಚಿ ಕಟ್ಟಿದೆಯೇ, ನೀರು ಮಬ್ಬಾಗಿದೆಯೇ ಎಂದು ಹುಡುಕುತ್ತಿದ್ದ. ಪುಣ್ಯಾತ್ಮನಿಗೆ ಎರಡು ತಿಂಗಳು ಏನೂ ಸಿಗಲಿಲ್ಲ.

ಒಂದು ದಿನ ಮೀನೊಂದರ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡಿತು. ಅದು ಅಂಟುರೋಗವೆಂದು ಇವನಿಗೆ ನೋಡಿದೊಡನೆ ತಿಳಿಯಿತು. ಆದರೂ ಖಚಿತ ಮಾಡಿಕೊಳ್ಳದೆ ಇರಲಾಗಲಿಲ್ಲ. ಗಲ್ಲಾದ ಮೇಲಿದ್ದ ಯಜಮಾನ ಅತ್ತ ತಿರುಗಿದಾಗ ತನ್ನ ಬಲೆ ಅದ್ದಿ ಮೀನನ್ನು ಎತ್ತಿದ. ರೆಕ್ಕೆಯ ಅಡಿಯಲ್ಲೂ ಚುಕ್ಕೆಗಳಿದ್ದವು. ಮೀನನ್ನು ಬಿಟ್ಟು ಬಂದು ಎರಡನೇ ಚಹಾ ತರಿಸಿಕೊಂಡ. ಅಷ್ಟು ಸಂತೋಷವಾಗಿತ್ತು ಅವನಿಗೆ.

ಆ ಸಂತೋಷದಲ್ಲೇ ಸೈಕಲ್ಲು ಹತ್ತಿದ. ಅವತ್ತು ನಾಲ್ಕು ಮನೆಗಳ ಕೆಲಸವಿತ್ತು, ನಾಲ್ಕನ್ನೂ ಮುಗಿಸಿದ. ಉಪ್ಪುನೀರಿನ ಡಬ್ಬಿಯ ಮುಚ್ಚಳ ಒಮ್ಮೆಯೂ ತೆಗೆಯಲಿಲ್ಲ.

ಹದಿನೈದು ದಿನ ಬಿಟ್ಟು ಸರದಿಯಂತೆ ಹೋದಾಗ ನಾಲ್ಕು ಮನೆಗಳಲ್ಲೂ ಮೀನುಗಳು ಸತ್ತು ತೇಲುತ್ತಿದ್ದವು. ಆ ಮನೆಯವರು ಅದನ್ನು ತೋರಿಸಿ ಹೊರಗೆ ಕಳಿಸಿದರು. ಸುದ್ದಿ ಹಬ್ಬಿ, ಉಳಿದ ಐದು ಮನೆಯವರೂ ಬರಬೇಡ ಎಂದರು.

ಆ ವಾರವೇ ಸ್ಕೂಟರಿನವನು ಒಂದು ನೀಲಿ ಸೀಸೆ ಹಿಡಿದು ಇವನ ಮನೆಗೆ ಬಂದ.

“ಅಣ್ಣಾ, ಹೋಟೆಲಿನ ಮೀನಿಗೂ ಇದೇ ಚುಕ್ಕೆ ಬಂದಿತ್ತು. ಈ ಔಷಧಿ ಹಾಕಿದೆ, ಉಳಿದುಕೊಂಡವು. ನಿಮಗೂ ಬೇಕಾಗಬಹುದು ಅಂತ ತಂದೆ. ಅಲ್ಲಾ, ಅಲ್ಲಿದ್ದ ರೋಗ ನಿಮ್ಮ ಮನೆಗಳಿಗೆ ಹೇಗೆ ಬಂತು ಅನ್ನೋದೇ ತಿಳೀತಿಲ್ಲ ನೋಡಿ.”

“ನನಗೂ ತಿಳಿಯಲಿಲ್ಲಪ್ಪ” ಎಂದ ಇವನು.

ಸೀಸೆ ತೆಗೆದುಕೊಂಡಾಗಲೂ ಇವನ ಹೊಟ್ಟೆ ಉರಿಯುತ್ತಲೇ ಇತ್ತು. ಮರುದಿನ ಗಿರಣಿಗೆ ಹೋಗಿ ಮೂಟೆಗೆ ಬೆನ್ನು ಕೊಟ್ಟ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಗುರುಸಿದ್ಧನಿಗೆ ಸಮಾಧಾನವಾಗಲಿಲ್ಲ. “ಅವನು ಬಲೆ ಅದ್ದಿದ, ಗುರುಗಳೇ. ನಾನು ಬರಿಗೈಯಲ್ಲಿ ಕೂತು ನೋಡುತ್ತೇನೆ, ಬರಿಗೈಯಲ್ಲಿ ಎದ್ದು ಬರುತ್ತೇನೆ” ಎಂದ.

ಗುರುಗಳು ಕೇಳಿದರು: “ಇವತ್ತು ಅಲ್ಲಿಂದ ಎದ್ದು ನೇರವಾಗಿ ಯಾರ ಮುಂದೆ ಹೋಗಿ ಕೂತೆ?”