ತೂತಿನ ಖಾತೆ

ಜಾಲಿಕೆರೆಯಲ್ಲಿ ರಾಜ ಗೀಜ ಯಾರೂ ಇರಲಿಲ್ಲ ಮಕ್ಕಳೇ. ಅಲ್ಲಿನ ಪ್ರಾಣಿಗಳು ಓಟು ಹಾಕಿ ಹದಿಮೂರು ಮಂದಿಯನ್ನು ಸಭೆಗೆ ಕಳಿಸುತ್ತಿದ್ದವು. ಏಳು ಮಂದಿಯ ಬೆಂಬಲ ಇದ್ದವನು ಸರಕಾರ ಮಾಡಬೇಕು. ಉಳಿದ ಆರು ಮಂದಿ ಎದುರು ಸಾಲಿನಲ್ಲಿ ಕೂತು ಪ್ರಶ್ನೆ ಕೇಳಬೇಕು. ಕೇಳಿದ್ದಕ್ಕೆ ಸರಕಾರ ಸಭೆಯಲ್ಲೇ ಉತ್ತರ ಕೊಡಬೇಕು.

ಆ ಸಲ ಮುಖ್ಯಮಂತ್ರಿಯಾದವನು ಹೆಗ್ಗಣ. ಎದುರು ಸಾಲಿನ ನಾಯಕಿ ಕೆಂಚವ್ವ ಎಂಬ ಟಿಟ್ಟಿಭ ಹಕ್ಕಿ. ಅಬ್ಬಬ್ಬಾ, ಏನು ಗಂಟಲು ಅವಳದು! ಕೆರೆ ಏರಿಯ ಕೆಳಗಿನ ಬಯಲಿನವರು ಆ ಗಂಟಲು ನೋಡಿಯೇ ಅವಳಿಗೆ ಓಟು ಹಾಕಿದ್ದರು. ಅವಳ ನಾಲ್ಕು ಮೊಟ್ಟೆಗಳೂ ಅದೇ ಬಯಲಿನಲ್ಲಿದ್ದವು.

ಮೊದಲ ದಿನವೇ ಕೆಂಚವ್ವ ಎದ್ದು ನಿಂತಳು. "ಏರಿಗೆ ತೂತು ಕೊರೆಯುತ್ತಿರುವವರು ಯಾರು? ಆಗಲೇ ನೀರು ಜಿನುಗುತ್ತಿದೆ. ನಮ್ಮ ಬಯಲು ಕೊಚ್ಚಿಹೋದರೆ ಯಾರು ಹೊಣೆ?"

ಹೆಗ್ಗಣನ ಮೀಸೆ ನಡುಗಿತು. ಕೊರೆಯುತ್ತಿದ್ದವನು ಅವನೇ ಅಲ್ಲವೇ! ಏರಿಯೊಳಗೆ ಅವನ ಬಿಲ ಆಗಲೇ ಮೂರು ಕೋಣೆಯಾಗಿತ್ತು. "ನಾಳಿದ್ದು ಉತ್ತರ ಕೊಡಿಸುತ್ತೇನೆ" ಎಂದು ನುಣುಚಿಕೊಂಡ.

ಸಭೆ ಮುಗಿದ ಮೇಲೆ ಅವಳ ಹತ್ತಿರ ಬಂದು ಹಲ್ಲು ಕಿರಿದ. "ಇಷ್ಟು ತಿಳಿದವಳು ಅಲ್ಲಿ ಕೂತು ಕಿರುಚುವುದೇ ಕೆಂಚವ್ವ? ನಮ್ಮ ಕಡೆ ಬಾ. ಏರಿ ಖಾತೆ ನಿನಗೇ. ಕೂರಲು ಎತ್ತರದ ಕಲ್ಲು, ಕಾವಲಿಗೆ ಹಿಂದೊಂದು ಮುಂದೊಂದು ಮೈನಾ!"

"ಬೇಡ ಕಣೇ," ಎಂದ ಮನೆಯಲ್ಲಿ ಮೊಟ್ಟೆಗಳ ಮೇಲೆ ಕೂತಿದ್ದ ಅವಳ ಗಂಡ. "ಬಯಲಿನವರು ನಿನ್ನನ್ನ ಕಳಿಸಿದ್ದು ಪ್ರಶ್ನೆ ಕೇಳೋದಕ್ಕೆ."

"ನಿಮಗೇನು ಗೊತ್ತು? ಸುಮ್ಮನೆ ಕಾವು ಕೊಡಿ. ಮಂತ್ರಿಯಾದರೆ ತೂತನ್ನು ನಾನೇ ಮುಚ್ಚಿಸುತ್ತೇನೆ!"

ಹಾಗೆಂದಳು, ಸರಿ. ಆದರೆ ಕಣ್ಣೆಲ್ಲ ಆ ಕಲ್ಲಿನ ಮೇಲಿತ್ತು. ಥೂ, ಆಸೆಯೇ!

ಮರುದಿನವೇ ಪ್ರಮಾಣವಚನ ಆಯಿತು. ಕೆಂಚವ್ವ ಕಲ್ಲೇರಿ ಕೂತು, "ತೂತು ಮುಚ್ಚಲು ಆಳು ಕೊಡಿ" ಎಂದಳು.

"ನಿನ್ನದು ಏರಿ ಖಾತೆ. ತೂತಿನ ಖಾತೆ ಬೇರೆ. ಅದನ್ನು ನಾನೇ ಇಟ್ಟುಕೊಂಡಿದ್ದೇನೆ," ಎಂದ ಹೆಗ್ಗಣ.

"ಹಾಗಾದರೆ ಸಭೆಯಲ್ಲಿ ಕೇಳುತ್ತೇನೆ!"

"ನೀನೀಗ ಕೇಳುವವಳಲ್ಲ, ಉತ್ತರ ಹೇಳುವವಳು. ಸಂಪುಟ ಸೇರಿದ ಮೇಲೆ ಎಲ್ಲರದೂ ಒಂದೇ ಮಾತು. ಆಗದಿದ್ದರೆ ರಾಜೀನಾಮೆ ಕೊಟ್ಟು ಕಲ್ಲಿನಿಂದ ಇಳಿ."

ಇಳಿಯಬಹುದಿತ್ತು. ಇಳಿದಳೇ? ಎಲ್ಲಿಯ ಮಾತು!

ಮಾರನೆಯ ದಿನ ಸಭಾಧ್ಯಕ್ಷ ಆಮೆ ಕತ್ತು ಹೊರಗೆ ಹಾಕಿ ಕೂಗಿತು: "ಏರಿಯ ಪ್ರಶ್ನೆ. ಕೇಳಿದವರು ಕೆಂಚವ್ವ. ಉತ್ತರಿಸುವವರು ಮಂತ್ರಿ ಕೆಂಚವ್ವ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಕೆಂಚವ್ವ ಹೆಗ್ಗಣ ಬರೆದುಕೊಟ್ಟ ಚೀಟಿಯನ್ನು ಓದಿದಳು. "ಏರಿ ಗಟ್ಟಿಯಾಗಿದೆ. ತೂತು ಇಲ್ಲ."

ಹೊರಗೆ ನಿಂತು ಕೇಳುತ್ತಿದ್ದ ತಾಯಿ ಮೊಲ ನೆಮ್ಮದಿಯ ನಿಟ್ಟುಸಿರು ಬಿಟ್ಟಳು. ಮರಿಗಳನ್ನು ದಿಬ್ಬಕ್ಕೆ ಸಾಗಿಸಬೇಕೆಂದು ಹೊರಟಿದ್ದವಳು ಅವಳು. "ನಮ್ಮ ಕೆಂಚವ್ವನೇ ಹೇಳಿದ ಮೇಲೆ ಇನ್ನೇನು ಭಯ?" ಎಂದು ಮನೆಗೆ ಹಿಂತಿರುಗಿದಳು.

ಮೂರು ದಿನ ಬಿಡದೆ ಮಳೆ ಸುರಿಯಿತು. ನಾಲ್ಕನೆಯ ದಿನ ನಡುಮಧ್ಯಾಹ್ನ ಏರಿ ಒಡೆಯಿತು. ಬಯಲೆಲ್ಲ ನೀರಾಯಿತು. ಹೆಗ್ಗಣ ಮಾತ್ರ ಮೊದಲೇ ಗಂಟುಮೂಟೆ ಕಟ್ಟಿ ದಿಬ್ಬ ಸೇರಿದ್ದ.

ನೀರು ಇಳಿದ ಮೇಲೆ ಸಭೆ ಸೇರಿತು. ಸತ್ತವರಿಗೆ ಸಂತಾಪ ಸೂಚಿಸಬೇಕಲ್ಲ! ಹೆಗ್ಗಣ ಮುಖ ಗಂಭೀರ ಮಾಡಿಕೊಂಡು, "ಇದು ಏರಿ ಮಂತ್ರಿ ಓದಬೇಕಾದದ್ದು" ಎಂದು ಪಟ್ಟಿಯನ್ನು ಅವಳ ಮುಂದೆ ತಳ್ಳಿದ.

ಕೆಂಚವ್ವ ಓದಿದಳು. "ಮೊಲದ ಮರಿ ಮೂರು. ಓತಿಕ್ಯಾತ ಎರಡು. ಟಿಟ್ಟಿಭದ ಮೊಟ್ಟೆ..." ಮುಂದೆ ಓದಲಾಗದೆ ಅತ್ತಳು.

ಹೊರಗಿನಿಂದ ತಾಯಿ ಮೊಲ ಕೇಳಿದಳು: "ತೂತು ಇಲ್ಲ ಅಂದೆಯಲ್ಲ ಕೆಂಚವ್ವ? ನಿನಗೆ ಗೊತ್ತಿತ್ತಲ್ಲ?"

ಆಮೆ ಆ ಪ್ರಶ್ನೆಯನ್ನು ಕಡತಕ್ಕೆ ಸೇರಿಸಲಿಲ್ಲ. ಮೊಲ ಸಭೆಯ ಸದಸ್ಯೆಯಲ್ಲವಂತೆ.

ನೀತಿ: ಪ್ರಶ್ನೆ ಕೇಳಲೆಂದು ಆರಿಸಿ ಕಳಿಸಿದವರು ಪದವಿಗೆ ಬಾಯಿ ಮಾರಿಕೊಂಡರೆ, ಊರಿನ ಜೊತೆ ಅವರ ಮನೆಯೂ ಮುಳುಗುತ್ತದೆ.