ಭಾರ ಒಲ್ಲದ ಸೈಕಲ್ಲು

ಗದಗಿನ ಸೈಕಲ್ ಅಂಗಡಿಯೊಂದರಲ್ಲಿ ತೆಳುಗಾಲಿಯ ರೇಸ್ ಸೈಕಲ್ಲೂ ದಪ್ಪ ಟೈರಿನ ಹಳೆಯ ಸೈಕಲ್ಲೂ ಅಕ್ಕಪಕ್ಕ ನಿಂತಿದ್ದವು. ಹೆಂಡತಿ ತೀರಿಕೊಂಡ ಮೇಲೆ ಮನೆಬಿಟ್ಟು ಹೊರಬಾರದೆ ಮೈ ಬೆಳೆಸಿಕೊಂಡಿದ್ದ ಗುರುಪಾದಪ್ಪ ಒಂದು ದಿನ ಅಲ್ಲಿಗೆ ಬಂದು ರೇಸ್ ಸೈಕಲ್ಲಿನ ಮೇಲೆ ಕೈಯಿಟ್ಟ.

“ದೂರ ನಿಲ್ಲು! ನೀನು ಕೂತರೆ ನನ್ನ ಸ್ಪೋಕ್ ಕಡ್ಡಿಗಳು ಮುರಿಯುತ್ತವೆ. ಮೊದಲು ಮೈ ಇಳಿಸಿಕೊಂಡು ಬಾ” ಎಂದಿತು ಅದು.

ಅವನು ತಲೆ ತಗ್ಗಿಸಿ ಹೊರಟ. ಆಗ ಹಳೆಯ ಸೈಕಲ್ಲು ಕರೆಯಿತು: “ನನ್ನ ಕಡ್ಡಿಗಳು ದಪ್ಪ. ವೇಗವಾಗಿ ಓಡಲಾರೆ, ಆದರೆ ನಿನ್ನನ್ನು ಹೊರಬಲ್ಲೆ. ಹತ್ತು.”

ಅವನು ಅದನ್ನೇ ಕೊಂಡು ಹತ್ತಿ ಹೊರಟ. ಮೊದಲ ಏರಿನಲ್ಲೇ ಅವನಿಗೆ ಏದುಸಿರು ಬಂತು.

“ಇಳಿದು ತಳ್ಳು, ನಾಚಿಕೆ ಬೇಡ. ನಾನೂ ಜೊತೆಗೆ ನಡೆಯುತ್ತೇನೆ” ಎಂದಿತು ಸೈಕಲ್ಲು.

ಮನೆಯಲ್ಲಿ ಮಾತಾಡಿಸುವವರಿಲ್ಲದ ಅವನಿಗೆ ಅಷ್ಟು ಮಾತು ಸಾಕಾಯಿತು. ಮರುದಿನವೂ ಹೊರಟ, ಆಮೇಲೆ ಒಂದು ಬೆಳಗನ್ನೂ ತಪ್ಪಿಸಲಿಲ್ಲ.

ವರ್ಷ ಕಳೆದ ಮೇಲೆ ಹಗುರಾದ ಗುರುಪಾದಪ್ಪ ಬ್ರೇಕು ಸರಿಮಾಡಿಸಲು ಅದೇ ಅಂಗಡಿಗೆ ಬಂದ. ಬಂದವರನ್ನೆಲ್ಲ ಭಾರವೆಂದು ದೂಡಿ ಅಲ್ಲಿಯೇ ಉಳಿದಿದ್ದ ರೇಸ್ ಸೈಕಲ್ಲು ಅವನನ್ನು ಕಂಡು ಹಿಗ್ಗಿತು.

“ಈಗ ನೀನು ನನಗೆ ತಕ್ಕವನಾದೆ. ಬಾ, ಹತ್ತು.”

ಗುರುಪಾದಪ್ಪ ಅದರ ಸೀಟಿನ ಧೂಳನ್ನು ಮೆಲ್ಲಗೆ ಒರೆಸಿದ. “ತಮ್ಮಾ, ಹೊರುವವರು ಬೇಕಾಗಿದ್ದುದು ಭಾರ ಇದ್ದಾಗ. ಈಗ ನಾನು ನಡೆದೇ ಹೋಗಬಲ್ಲೆ” ಎಂದು ಹಳೆಯದನ್ನು ಹತ್ತಿ ಹೊರಟುಹೋದ.

ರೇಸ್ ಸೈಕಲ್ಲು ಒಂಟಿಯಾಗಿ ನಿಂತಿತು. ಅದರ ಮೇಲೆ ಯಾರೂ ಕೂರಲಿಲ್ಲ. ಆದರೂ ಟೈರುಗಳ ಗಾಳಿ ತಾನಾಗಿಯೇ ಇಳಿದುಹೋಯಿತು.